ನಿಮಗಿದು ಗೊತ್ತೇ? ಜೋಗಪ್ಪನ ಪಡಲಗಿಯಿಂದ ಪದ್ಮಶ್ರೀವರೆಗೆ

ಭಾರತ ಹುಣ್ಣಿಮೆ ಬಂತೆಂದರೆ ತುಕ್ಕಾನಟ್ಟಿ, ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆಯ ಜನ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಡುತ್ತಾರೆ. ಆ ದಾರಿಯಲ್ಲಿ ಸೀರೆ ಉಟ್ಟು, ಹಣೆತುಂಬ ಭಂಡಾರ ಹಚ್ಚಿಕೊಂಡ ಜೋಗಪ್ಪಗಳಿಗೆ ನಾವೆಲ್ಲ ಕೈಮುಗಿದಿದ್ದೇವೆ. ಆದರೆ ಕೈಮುಗಿದಷ್ಟಕ್ಕೆ ಅವರ ಹೊಟ್ಟೆ ತುಂಬುವುದಿಲ್ಲ. ಅವರಿಗೆ ಕೆಲಸ ಬೇಕು, ಮನೆ ಬೇಕು, ಹಕ್ಕು ಬೇಕು. ಆ ಹಕ್ಕಿನ ಹಾದಿಯ ಕೆಲವು ಸಂಗತಿಗಳು ಇಲ್ಲಿವೆ.

ಗುಡ್ಡದ ದಾರಿಯಲ್ಲಿ

● ಗಂಡಾಗಿ ಹುಟ್ಟಿ, ತನ್ನೊಳಗಿನ ಹೆಣ್ತನ ಎಲ್ಲಮ್ಮನ ಕರೆ ಎಂದು ನಂಬಿ, ಮುತ್ತು ಕಟ್ಟಿಸಿಕೊಂಡು ಆಕೆಯ ಸೇವೆಗೆ ನಿಂತವರೇ ಜೋಗಪ್ಪ. ಮಂಗಳವಾರ, ಶುಕ್ರವಾರ ದೇವಿಯ ಬುಟ್ಟಿಯಾದ ಪಡಲಗಿ ಹೊತ್ತು ಜೋಗಕ್ಕೆ, ಅಂದರೆ ಭಿಕ್ಷೆಗೆ, ಹೋಗುವುದು ಅವರ ವ್ರತವೂ ಹೌದು, ಹೊಟ್ಟೆಪಾಡೂ ಹೌದು.

● ಎಲ್ಲಮ್ಮನ ಪದಕ್ಕೆ ಜೊತೆಯಾಗುವ ಚೌಡಿಕೆಗೆ ಇರುವುದು ಒಂದೇ ತಂತಿ. ಆ ಒಂಟಿ ತಂತಿಯ ಮೇಲೆ ರಾತ್ರಿಯಿಡೀ ರೇಣುಕೆಯ, ಅಂದರೆ ಎಲ್ಲಮ್ಮನ, ಕಥೆ ನಡೆಯುತ್ತದೆ.

● ಕರ್ನಾಟಕದ 1982ರ ದೇವದಾಸಿ ನಿಷೇಧ ಕಾಯ್ದೆ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ಅಪರಾಧ ಎಂದು ಸಾರಿತು. ಅದೇ ಗುಡ್ಡದಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗಪ್ಪಗಳ ಪ್ರಸ್ತಾಪ ಅದರಲ್ಲಿರಲಿಲ್ಲ.

● ಗೋಕಾಕ ಸೀಮೆಯ ಹೆಮ್ಮೆಯ ಆಟ ಶ್ರೀಕೃಷ್ಣ ಪಾರಿಜಾತ. ಕುಲಗೋಡ ತಮ್ಮಣ್ಣ ಬೆಳೆಸಿದ ಈ ಆಟದಲ್ಲಿ ಬಹುಕಾಲ ಸತ್ಯಭಾಮೆಯೂ ಗಂಡಸೇ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ರಂಗಕ್ಕೆ ಬಂದದ್ದು ಆಮೇಲೆ. ಆಟದ ವೇಷವನ್ನು ಬೆಳಗಾದ ಮೇಲೆ ಕಳಚಿಡಬಹುದು. ಜೋಗಪ್ಪನ ಸೀರೆ ವೇಷವಲ್ಲ, ಅದು ಆಕೆಯ ಬದುಕು.

ಮಂಜಮ್ಮನ ಹೆಜ್ಜೆ

● ಬಳ್ಳಾರಿ ಜಿಲ್ಲೆಯ ಕಲ್ಲುಕಂಬದ ಮಂಜುನಾಥ ಶೆಟ್ಟಿಯನ್ನು ಹೆತ್ತವರು ಹುಲಿಗೆಮ್ಮನ ಗುಡಿಗೆ ಕರೆದೊಯ್ದರು. ಅಲ್ಲಿ ಉಡಿದಾರ ಕತ್ತರಿಸಿದರು, ಬಳೆ ತೊಡಿಸಿದರು. ಅಂದಿನಿಂದ ಆ ಹುಡುಗ ಮಂಜಮ್ಮ ಜೋಗತಿ.

● ದಾವಣಗೆರೆ ಬಸ್ ನಿಲ್ದಾಣದ ಬಳಿ ಒಬ್ಬ ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಸಾವಿನ ಬಾಗಿಲು ತಟ್ಟಿ ಬಂದಿದ್ದ ಮಂಜಮ್ಮನಿಗೆ ಆ ಕುಣಿತವೇ ಬದುಕುವ ದಾರಿ ತೋರಿತು. ಮುಂದೆ ಕಾಳವ್ವ ಜೋಗತಿ ಗುರುವಾದರು.

● 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಗಿರಿ. ಆ ಕುರ್ಚಿಯಲ್ಲಿ ಕುಳಿತ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ ಆಕೆ. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಪಡೆಯುವ ಮುನ್ನ ಸೆರಗಿನಿಂದ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ದೃಷ್ಟಿ ತೆಗೆದರು.

ನಮ್ಮ ಪುಸ್ತಕ, ನಮ್ಮ ಸಿನಿಮಾ

● ಗಂಡು-ಹೆಣ್ಣೆಂಬ ಭೇದ ಮೈಗೆ, ಆತ್ಮಕ್ಕಲ್ಲ: ಇದನ್ನು ಎಷ್ಟೋ ಶತಮಾನಗಳ ಹಿಂದೆಯೇ ವಚನದಲ್ಲಿ ಹೇಳಿದವನು ಮುದನೂರಿನ ಜೇಡರ ದಾಸಿಮಯ್ಯ.

● ಸಂಡೂರಿನ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಸಲಿಂಗಿಯೊಬ್ಬನ ಪ್ರೀತಿ, ಭಯ, ಒಂಟಿತನಗಳು ಕನ್ನಡ ಕಥೆಯಲ್ಲಿ ಮುಚ್ಚುಮರೆಯಿಲ್ಲದೆ ತೆರೆದುಕೊಂಡವು.

● ‘ನಾನು ಅವನಲ್ಲ... ಅವಳು’ ಚಿತ್ರದ ಲಿಂಗತ್ವ ಅಲ್ಪಸಂಖ್ಯಾತೆಯ ಪಾತ್ರಕ್ಕಾಗಿ ಸಂಚಾರಿ ವಿಜಯ್ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದರು. ಅದು ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ಚಿತ್ರ.

ಕಾನೂನಿನ ಕಟ್ಟೆಯಲ್ಲಿ

● ಬೀದರ್, ಕಲಬುರಗಿ, ರಾಯಚೂರು ನಿಜಾಮರ ಕೈಯಲ್ಲಿದ್ದ ಕಾಲಕ್ಕೆ, 1919ರಲ್ಲಿ, ಹೈದರಾಬಾದ್ ಸಂಸ್ಥಾನದಲ್ಲಿ ಒಂದು ಕಾಯ್ದೆ ಬಂತು. ಹೆಣ್ಣುಡುಗೆಯಲ್ಲಿ ಬೀದಿಗೆ ಬಂದ ಮಂಗಳಮುಖಿಯನ್ನು ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ತೆಲಂಗಾಣ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು 2023ರಲ್ಲಿ!

● ನಮ್ಮ ರಾಜ್ಯವೂ ಹಿಂದೆ ಬೀಳಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ, ಶಂಕೆಯ ಮೇಲೆ ಮಂಗಳಮುಖಿಯರ ಹೆಸರು, ವಿಳಾಸದ ಪಟ್ಟಿ ಇಡಲು ಅವಕಾಶ ಕೊಟ್ಟಿತು. ಸಮುದಾಯ ಹೈಕೋರ್ಟ್ ಮೆಟ್ಟಿಲೇರಿತು. 2016ರಲ್ಲಿ ಆ ಕಲಂ ತಿದ್ದುಪಡಿಯಾಯಿತು.

● 2011ರ ಜನಗಣತಿ ಮೊದಲ ಬಾರಿಗೆ ಗಂಡು, ಹೆಣ್ಣಿನ ಜೊತೆ ‘ಇತರೆ’ ಎಂಬ ಕಾಲಂ ತೆರೆಯಿತು. ಕರ್ನಾಟಕದಲ್ಲಿ ಅದರಡಿ ದಾಖಲಾದವರು 20,266 ಮಂದಿ.

● 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಹೇಳಿತು: ತಾನು ಗಂಡೋ, ಹೆಣ್ಣೋ, ತೃತೀಯ ಲಿಂಗಿಯೋ ಎಂಬುದನ್ನು ಹೇಳಬೇಕಾದವರು ಆ ವ್ಯಕ್ತಿಯೇ. ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ.

● ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಅದೇ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. 1860ರ ಬ್ರಿಟಿಷ್ ದಂಡಸಂಹಿತೆಯ ಹಿಡಿತ ಸಡಿಲವಾಗಲು ಒಂದೂವರೆ ಶತಮಾನ ಹಿಡಿಯಿತು. ಸಲಿಂಗ ವಿವಾಹಕ್ಕೆ ಮಾತ್ರ 2023ರ ಅಕ್ಟೋಬರ್‌ನಲ್ಲಿ ಮಾನ್ಯತೆ ಸಿಗಲಿಲ್ಲ.

ಜಗತ್ತಿನತ್ತ ಒಂದು ನೋಟ

● ಸಲಿಂಗ ವಿವಾಹಕ್ಕೆ ಮೊದಲು ಕಾನೂನಿನ ಮುದ್ರೆ ಒತ್ತಿದ ದೇಶ ನೆದರ್ಲೆಂಡ್ಸ್, 2001ರಲ್ಲಿ. ಏಷ್ಯಾದಲ್ಲಿ ಮೊದಲು ತೈವಾನ್, 2019ರಲ್ಲಿ. ಥಾಯ್ಲೆಂಡ್‌ನಲ್ಲಿ ಇದು ಜಾರಿಗೆ ಬಂದದ್ದು 2025ರ ಜನವರಿಯಲ್ಲಿ.

● ಸಲಿಂಗ ಪ್ರೇಮ ರೋಗವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ರೋಗಪಟ್ಟಿಯಿಂದ ತೆಗೆದದ್ದು 1990ರ ಮೇ 17ರಂದು. ‘ಔಷಧ ಕೊಡಿಸೋಣ, ಮದುವೆ ಮಾಡಿದರೆ ಸರಿಹೋಗುತ್ತದೆ’ ಎನ್ನುವವರು ಈ ತಾರೀಖನ್ನು ನೆನಪಿಟ್ಟುಕೊಳ್ಳಲಿ.

● ನಮ್ಮ ಜೋಗಪ್ಪಗಳಿಗೆ ಗೌರವ ಸಿಗುವುದು ದೇವರ ಹೆಸರಿನಲ್ಲಿ. ಆದರೆ ಗಂಡಾಗಿ ಹುಟ್ಟಿ ಹೆಣ್ತನದಲ್ಲಿ ಬದುಕುವ, ಮೆಕ್ಸಿಕೋದ ಹುಚಿತಾನ್ ಪಟ್ಟಣದ ಮುಶೆ, ಸಮೋವಾ ದ್ವೀಪದ ಫಾಆಫಫೀನೆ ಸಮುದಾಯಗಳಿಗೆ ದೇವರ ನೆಪವಿಲ್ಲದೆಯೂ ಊರಿನ ನಡುವೆ ಜಾಗವಿದೆ.

ಈಗ ನಮ್ಮ ಸರದಿ

● ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1 ಮೀಸಲಾತಿ ಕೊಟ್ಟ ದೇಶದ ಮೊದಲ ರಾಜ್ಯ ಕರ್ನಾಟಕ. ವರ್ಷ 2021. ‘ಸಂಗಮ’ ಸಂಸ್ಥೆ ಹೈಕೋರ್ಟಿನಲ್ಲಿ ಹೂಡಿದ ದಾವೆಯಿಂದ ಬಂದ ಫಲವಿದು.

● ಮರುವರ್ಷವೇ, ಪದವೀಧರ ಪ್ರಾಥಮಿಕ ಶಿಕ್ಷಕರ ಆಯ್ಕೆ ಪಟ್ಟಿಯಲ್ಲಿ ಈ ಸಮುದಾಯದ ಮೂವರ ಹೆಸರಿತ್ತು. ನಾಳೆ ಅಂಥವರೊಬ್ಬರು ತುಕ್ಕಾನಟ್ಟಿಯ ಶಾಲೆಗೂ ಬರಬಹುದು. ಬಂದರೆ ಬಾಡಿಗೆಗೆ ಮನೆ ಕೊಡೋಣ, ಮದುವೆ-ಮುಂಜಿಗೆ ಕರೆಯೋಣ, ‘ಟೀಚರ್’ ಎಂದು ಮನಸಾರೆ ಕರೆಯುವುದನ್ನು ಮಕ್ಕಳಿಗೆ ಕಲಿಸೋಣ. ಕೋರ್ಟು ಕೊಟ್ಟ ಹಕ್ಕು ಊರಲ್ಲಿ ನಿಲ್ಲುವುದು ಹಾಗೆ.