ಉಡುಗೆಯ ಸಲಹೆಗಾರ್ತಿಗೆ ಮೊದಲ ಅನುಭವ

ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳು ಉಪಾಧ್ಯಾಯಿನಿಯರೂ ದಾದಿಯರೂ ಆದುದನ್ನು ಕಂಡು ಸಂತೋಷಪಟ್ಟ ತಾಯಿತಂದೆಗಳಿಗೆ, ಮಗಳು ‘ಪರ್ಸನಲ್ ಸ್ಟೈಲಿಸ್ಟ್’ ಆಗುವೆನೆಂದರೆ ಇದೆಂಥ ಕಸಬೋ ಎಂದು ಕಳವಳವಾಗುವುದು ಸಹಜವೇ. ಒಬ್ಬರ ಮೈಕಟ್ಟು, ಉದ್ಯೋಗ, ಸಂದರ್ಭ, ಹಣದ ಅನುಕೂಲ ಇವುಗಳನ್ನು ನೋಡಿ ಅವರಿಗೆ ಒಪ್ಪುವ ಉಡುಪನ್ನು ಆರಿಸಿಕೊಟ್ಟು ಸಂಭಾವನೆ ಪಡೆಯುವವಳಿಗೆ ಈ ಹೆಸರು. ಅವಳು ಹೊಲಿಯುವವಳಲ್ಲ, ಮಾರುವವಳೂ ಅಲ್ಲ. ಅನುಭವವಿಲ್ಲದವಳನ್ನು ಜನರು ನಂಬುವುದಿಲ್ಲ. ಅವರು ನಂಬದಿದ್ದರೆ ಅನುಭವವು ಬರುವುದಾದರೂ ಹೇಗೆ?

ಈ ತೊಡಕು ಬಿಡುವುದು ಮನೆಯ ಬೀರುವಿನ ಮುಂದೆ. ಅಕ್ಕ, ಅತ್ತಿಗೆ, ನೆರೆಮನೆಯವರು ಇವರಲ್ಲಿ ಇರುವ ಬಟ್ಟೆಗಳಿಂದಲೇ, ಹೊಸತೊಂದನ್ನೂ ಕೊಳ್ಳಿಸದೆ, ನಾಲ್ಕೈದು ಉಡುಗೆಗಳನ್ನು ಹೊಂದಿಸಿಕೊಡತಕ್ಕದ್ದು. ಒಪ್ಪಿಗೆ ಪಡೆದು ಪಟಗಳನ್ನು ತೆಗೆದಿಡತಕ್ಕದ್ದು. ತಿಂಗಳ ಮೇಲೆ ಹೋಗಿ, ಯಾವುದನ್ನು ಮತ್ತೆ ಉಟ್ಟರು, ಯಾವುದನ್ನು ಮಡಿಸಿಟ್ಟುಬಿಟ್ಟರು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಎದುರಿಗೆ ಆಡಿದ ಹೊಗಳಿಕೆಗಿಂತ ಈ ಲೆಕ್ಕವೇ ದಿಟವಾದುದು.

ಜವಳಿ ಅಂಗಡಿಯಲ್ಲಿ ಕೆಲವು ತಿಂಗಳು ಕೆಲಸಮಾಡಿದರೆ ಬಟ್ಟೆಯ ಗುಣವು ಬೆರಳಿಗೇ ತಿಳಿಯುವುದು. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು; ಎರಡನ್ನೂ ಕುಣಿಕೆಗಳಿಂದ ಕೂಡಿಸಿರುತ್ತಾರೆ. ಆದುದರಿಂದ ನೆರಿಗೆ ನಿಲ್ಲುವ ರೀತಿಯೇ ಬೇರೆ, ಹೆಗಲಿನಿಂದ ಸೆರಗು ಇಳಿಯುವ ರೀತಿಯೇ ಬೇರೆ. ಮೈಸೂರು ರೇಷ್ಮೆಯ ಕ್ರೇಪಿನಲ್ಲಿ ನೂಲಿಗೆ ಬಲವಾದ ಹುರಿಯಿರುವುದರಿಂದ ಅದು ಮೆತ್ತಗೆ ಮೈಗೆ ಒರಗುವುದು. ಗಂಜಿ ಹಾಕಿದ ಹತ್ತಿ ಸೀರೆ ಮೈಯಿಂದ ದೂರ ನಿಲ್ಲುವುದು. (ಅಂಗಡಿಯ ಕನ್ನಡಿ ಮಾತ್ರ ಯಾರಿಗೂ ಬೇಡವೆನ್ನುವುದಿಲ್ಲ!)

ನಮ್ಮ ಮೊದಲ ತಪ್ಪನ್ನೂ ಹೇಳಿಬಿಡುವೆವು. ಚಿಕ್ಕಮ್ಮನ ಮಗಳೊಬ್ಬಳಿಗೆ ಉಪಾಧ್ಯಾಯಿನಿಯ ಕೆಲಸಕ್ಕೆ ಸಂದರ್ಶನವಿದ್ದಿತು. ಗಂಜಿಯ ಸೀರೆಯನ್ನೂ ಬಿಗಿತೋಳಿನ ಹೊಸ ರವಿಕೆಯನ್ನೂ ನಾವೇ ಆರಿಸಿದೆವು. ಕನ್ನಡಿಯ ಮುಂದೆ ನಿಂತಾಗ ಬಲು ಚೆಲುವಾಗಿಯೇ ಇದ್ದಿತು. ಬಸ್ಸಿನಲ್ಲಿ ಎರಡು ಗಂಟೆ ಕುಳಿತು ಸೀರೆ ಮುದುಡಿತು. ಅಲ್ಲಿ ಮಾದರಿ ಪಾಠ ಮಾಡಿರೆಂದಾಗ, ಕರಿಹಲಗೆಯ ಮೇಲೆ ಬರೆಯಲು ಅವಳಿಗೆ ಕೈಯೇ ಮೇಲೇಳಲಿಲ್ಲ. ಆ ಕೆಲಸ ಅವಳಿಗೆ ಸಿಕ್ಕಲಿಲ್ಲ. ಕಾರಣ ಬೇರೆಯಿದ್ದರೂ ಇದ್ದೀತು, ಆದರೂ ಆ ರಾತ್ರಿ ನಮಗೆ ಊಟ ಸೇರಲಿಲ್ಲ.

ಅಂದಿನಿಂದ ಬಣ್ಣದ ಮಾತನ್ನೆತ್ತುವ ಮೊದಲೇ ಕೇಳುತ್ತೇವೆ: ಹೇಗೆ ಪ್ರಯಾಣ? ಎಷ್ಟು ಹೊತ್ತು ನಿಲ್ಲಬೇಕು? ಕೈ ಎತ್ತುವ ಕೆಲಸವುಂಟೋ? ಉಡಿಸಿದ ಬಳಿಕ ಕುಳ್ಳಿರಿಸಿ, ನಡೆಸಿ, ಗೋಡೆಯ ಮೇಲೆ ಬರೆದಂತೆ ಕೈಯಾಡಿಸಲು ಹೇಳುತ್ತೇವೆ.

ಆ ತಂಗಿ ಮರುವರ್ಷ ಬೇರೊಂದು ಶಾಲೆ ಸೇರಿದಳು. ಆ ರವಿಕೆಯನ್ನು ಕಂಕುಳಲ್ಲಿ ಬಿಚ್ಚಿ ಅಗಲಮಾಡಿಕೊಂಡು ಈಗಲೂ ತೊಡುತ್ತಾಳೆ.