ಮಗುವಿನ ಕೋಟು: ಮೊದಲು ಕಾಗದವನ್ನು ಕತ್ತರಿಸಿ



ಮಾರ್ಗಶಿರ ಕಳೆದು ಪುಷ್ಯ ಕಾಲಿಟ್ಟಿತೆಂದರೆ ನಮ್ಮ ಬಯಲುಸೀಮೆಯ ಊರುಗಳಲ್ಲಿ ರಾಗಿಯ ಒಕ್ಕಣೆ ನಡೆದಿರುತ್ತದೆ. ದೊಡ್ಡವರು ಕಂಬಳಿ ಹೊದ್ದು ಬೆಳಗಿನ ಜಾವಕ್ಕೇ ಕಣಕ್ಕೆ ಹೋಗುತ್ತಾರೆ. ಮಕ್ಕಳು ಮಾತ್ರ ತೆಳು ಅಂಗಿಯಲ್ಲಿಯೇ ಹಿಂದೆ ಬರುತ್ತವೆ. ಇಲ್ಲವೆ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಶಾಲೆಯ ದಾರಿ ಹಿಡಿಯುತ್ತವೆ. ಸಂತೆಯಲ್ಲಿ ಸಿಕ್ಕುವ ಸಿದ್ಧ ಕೋಟು ಅಗ್ಗವೇನೋ ಹೌದು. ಆದರೆ ಅದನ್ನು ಒಮ್ಮೆ ಒಳಮಗ್ಗುಲಿಗೆ ಮಗುಚಿ ನೋಡಿ. ಎಷ್ಟೋ ಕೋಟುಗಳಲ್ಲಿ ಹೊಲಿಗೆಯ ಆಚೆ ಕಾಲು ಅಂಗುಲ ಬಟ್ಟೆಯೂ ಇರುವುದಿಲ್ಲ. ಐದರಿಂದ ಹತ್ತು ವರ್ಷದೊಳಗಿನ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್, ಎಂದರೆ ಎರಡು ಅಂಗುಲಕ್ಕೂ ತುಸು ಹೆಚ್ಚಾಗಿ, ಎತ್ತರ ಬೆಳೆಯುತ್ತದೆ. ಬಿಚ್ಚಿ ಉದ್ದ ಮಾಡಲು ಅವಕಾಶವಿಲ್ಲದ ಕೋಟು ಒಂದೇ ಚಳಿಗಾಲಕ್ಕೆ ಮುಗಿಯಿತು. ಮನೆಯಲ್ಲಿ ಹೊಲಿದ ಕೋಟನ್ನು ಎರಡು, ಜೋಪಾನ ಮಾಡಿದರೆ ಮೂರು ಚಳಿಗೂ ಹಾಕಬಹುದು.

ಹೊಲಿಗೆಯ ಯಂತ್ರವಿರುವ ಮನೆಗಳು ಈಗ ಊರಿನಲ್ಲಿ ಕಡಿಮೆಯೇನಲ್ಲ. ಆದರೂ ಕೋಟು ಎಂದೊಡನೆ ನಮ್ಮ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಹೊಲಿಯುವುದಕ್ಕೆ ಅವರಿಗೆ ಭಯವಿಲ್ಲ, ಕತ್ತರಿಸುವುದಕ್ಕೆ ಭಯ. ದುಡ್ಡು ಕೊಟ್ಟು ತಂದ ಬಟ್ಟೆಗೆ ಕತ್ತರಿ ತಪ್ಪಿ ಬಿದ್ದರೆ ಅದು ಮರಳಿ ಕೂಡುವುದಿಲ್ಲವಲ್ಲ! ಈ ಭಯಕ್ಕೆ ಇರುವ ಮದ್ದೇ ಕಾಗದದ ನಮೂನೆ. ಬಿತ್ತುವ ಮೊದಲು ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆಂದು ಎಣಿಸುತ್ತೀರಿ. ಮೊಳಕೆ ಕಡಿಮೆಯಾದರೆ ಹೋಗುವುದು ನೂರು ಕಾಳು, ಹೊಲ ಉಳಿಯುತ್ತದೆ. ಇದೂ ಹಾಗೆಯೇ. ತಪ್ಪಾದರೆ ಹೋಗುವುದು ಒಂದು ಹಳೆಯ ಪತ್ರಿಕೆಯ ಹಾಳೆ.

ಇದೇನು ಹೊಸ ಉಪಾಯವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಸೀಮೆಯ ಎಬೆನೀಜರ್ ಬಟರಿಕ್ ಎಂಬ ದರ್ಜಿ 1863ರಲ್ಲಿಯೇ ಬೇರೆ ಬೇರೆ ಅಳತೆಯ ಕಾಗದದ ನಮೂನೆಗಳನ್ನು ಮಾಡಿ ಮಾರಿದನು. ನಾವು ಅಂಥದನ್ನು ಕೊಳ್ಳಬೇಕಾಗಿಲ್ಲ, ಮನೆಯಲ್ಲಿಯೇ ಬರೆದುಕೊಳ್ಳಬಹುದು.

ಹೊಲಿಗೆ ಹೆಂಗಸರ ಕೆಲಸ, ಕೃಷಿ ಓದಿದ ಗ್ರಾಮಸೇವಕನಿಗೆ ಇದರ ಗೊಡವೆ ಏಕೆ ಎಂದು ಹಿರಿಯರು ಯಾರಾದರೂ ಕೇಳಬಹುದು. ಊರಿನ ದರ್ಜಿ ಗಂಡಸೇ ಅಲ್ಲವೆ, ಸ್ವಾಮಿ? ಅದಿರಲಿ, ಗೆರೆ ಎಳೆದು ಅಳತೆ ಗುರುತಿಸುವ ಕೆಲಸವನ್ನು ಮನೆಯ ಗಂಡಸರು ಮಾಡಿಕೊಟ್ಟರೆ ಒಂದು ಸಂಜೆಯಲ್ಲಿ ನಮೂನೆ ಸಿದ್ಧವಾಗುತ್ತದೆ. ಹೊಲದ ಬದು ಅಳೆದು ಗೊತ್ತಿರುವವರಿಗೆ ಇದು ಹೆಚ್ಚಿನದಲ್ಲ.

ಅಳತೆ ಮತ್ತು ನಮೂನೆ

ಮಗುವಿಗೆ ಅಂಗಿ ತೊಡಿಸಿಯೇ ಅಳೆಯಿರಿ, ಏಕೆಂದರೆ ಕೋಟು ಅಂಗಿಯ ಮೇಲೆ ಬರತಕ್ಕದ್ದು. ನಾಲ್ಕು ಅಳತೆ ಸಾಕು: ಕಂಕುಳ ಕೆಳಗೆ ಎದೆಯ ಸುತ್ತು, ಬೆನ್ನ ಮೇಲೆ ಒಂದು ಭುಜದ ತುದಿಯಿಂದ ಇನ್ನೊಂದರ ತುದಿ, ಕತ್ತಿನ ಹಿಂದಿನ ಮೂಳೆಯಿಂದ ಕೋಟು ನಿಲ್ಲಬೇಕಾದ ಕಡೆಯವರೆಗೆ ಉದ್ದ, ಭುಜದ ತುದಿಯಿಂದ ಮಣಿಕಟ್ಟು. ತೋಳನ್ನು ಅಳೆಯುವಾಗ ಮಗು ಮೊಣಕೈಯನ್ನು ತುಸು ಮಡಿಸಿರಬೇಕು. ಆರು ವರ್ಷದ ಒಂದು ಮಗುವಿನ ಎದೆ 24, ಭುಜ 11, ಉದ್ದ 18, ತೋಳು 15 ಅಂಗುಲ ಎಂದಿಟ್ಟುಕೊಂಡು ಮುಂದಿನದನ್ನು ಹೇಳುತ್ತೇನೆ. ನಿಮ್ಮ ಮಗುವಿನ ಅಳತೆಯನ್ನು ನೀವು ಹಾಕಿಕೊಳ್ಳಿ.

ಎದೆಯ ಸುತ್ತಿಗೆ 4 ಅಂಗುಲ ಸಡಿಲ ಸೇರಿಸಿ ನಾಲ್ಕರಿಂದ ಭಾಗಿಸಿ. 28ರಲ್ಲಿ ಕಾಲುಭಾಗ 7. ಇದು ನಮೂನೆಯ ಅಗಲ. ಎದೆಯ ಸುತ್ತಿನ ಕಾಲುಭಾಗಕ್ಕೆ ಅರ್ಧ ಅಂಗುಲ ಸೇರಿಸಿದರೆ 6½. ಇದು ಕಂಕುಳ ಇಳಿತ. ಹನ್ನೆರಡರಲ್ಲಿ ಒಂದು ಭಾಗಕ್ಕೆ ಕಾಲು ಅಂಗುಲ ಸೇರಿಸಿದರೆ 2¼. ಇದು ಕತ್ತಿನ ಅಗಲ. ಭುಜದ ಅರ್ಧಕ್ಕೆ ಕಾಲು ಸೇರಿಸಿದರೆ 5¾.

ಈಗ ಪತ್ರಿಕೆಯ ದೊಡ್ಡ ಹಾಳೆಯನ್ನು ಎರಡಾಗಿ ಮಡಿಸಿ, ಮಡಿಕೆ ನಿಮ್ಮ ಎಡಗೈಗೆ ಬರುವಂತೆ ಇಡಿ. ಮಡಿಕೆಯೇ ಬೆನ್ನಿನ ನಡುಗೆರೆ. ಮೇಲಿನ ಮೂಲೆಯಿಂದ ಮಡಿಕೆಯ ಗುಂಟ ಕೆಳಕ್ಕೆ ಅರ್ಧ, 6½ ಮತ್ತು 18 ಅಂಗುಲಗಳಲ್ಲಿ ಗುರುತು ಹಾಕಿ. ಅದೇ ಮೂಲೆಯಿಂದ ಬಲಕ್ಕೆ 2¼ರಲ್ಲಿ ಒಂದು ಗುರುತು. ಅಲ್ಲಿಂದ ಮಡಿಕೆಯ ಅರ್ಧ ಅಂಗುಲದ ಗುರುತಿಗೆ ಬಾಗು ಗೆರೆ ಎಳೆದರೆ ಹಿಂಗತ್ತು ಆಯಿತು. ಬಲಕ್ಕೆ 5¾ ಹೋಗಿ 1¼ ಅಂಗುಲ ಕೆಳಗಿಳಿದರೆ ಭುಜದ ತುದಿ. ಕತ್ತಿನ ಗುರುತಿಗೂ ಇದಕ್ಕೂ ನೇರ ಗೆರೆ ಎಳೆಯಿರಿ. 6½ರ ಗುರುತಿನಿಂದ ಬಲಕ್ಕೆ 7 ಅಂಗುಲ ಹೋಗಿ ಅಲ್ಲಿಗೆ ಭುಜದ ತುದಿಯಿಂದ ಕಂಕುಳ ಬಾಗನ್ನು ಇಳಿಸಿ. ಅಲ್ಲಿಂದ ಪಕ್ಕದ ಗೆರೆ ನೆಟ್ಟಗೆ ಕೆಳಕ್ಕೆ. ಮಗುವಿನ ಕೋಟಿಗೆ ಸೊಂಟದ ಬಳುಕು ಬೇಡ. ಕತ್ತರಿಸಿ ಬಿಡಿಸಿದರೆ ಇಡೀ ಬೆನ್ನು ಕಾಣುತ್ತದೆ.

ಮುಂಭಾಗಕ್ಕೆ, ಬೆನ್ನಿನ ನಮೂನೆಯನ್ನು ಮಡಿಸಿದಂತೆಯೇ ಇನ್ನೊಂದು ಹಾಳೆಯ ಮೇಲೆ, ಹಾಳೆಯ ಅಂಚಿನಿಂದ 3 ಅಂಗುಲ ಒಳಗಿಟ್ಟು ಗೆರೆ ಎಳೆದುಕೊಳ್ಳಿ. ಆ ಮೂರರಲ್ಲಿ ಒಂದು ಅಂಗುಲ ಗುಂಡಿಪಟ್ಟಿಗೆ, ಎರಡು ಅಂಗುಲ ಒಳಕ್ಕೆ ಮಡಿಸುವುದಕ್ಕೆ. ಕತ್ತನ್ನು ಮಾತ್ರ ಅರ್ಧದ ಬದಲು 2½ ಅಂಗುಲ ಇಳಿಸಿ. ಕಂಕುಳ ಬಾಗನ್ನು ಕಾಲು ಅಂಗುಲ ಹೆಚ್ಚು ಒಳಕ್ಕೆ ತೆಗೆಯಿರಿ. ಕೈ ಮುಂದಕ್ಕೆ ಚಾಚುವ ಕಡೆ ಬಟ್ಟೆ ಗುಡ್ಡೆಗಟ್ಟಬಾರದು.

ತೋಳಿಗೂ ಕಾಗದ ಮಡಿಸಿ. ಮಡಿಕೆಯ ಉದ್ದ 15. ಮೇಲಿನಿಂದ 3 ಅಂಗುಲ ಕೆಳಗೆ ಬಲಕ್ಕೆ 5½. ತುದಿಯಲ್ಲಿ ಅಗಲ 4. ಮಡಿಕೆಯ ತಲೆಯಿಂದ 5½ರ ಗುರುತಿಗೆ ಎಳೆಯುವ ಗೆರೆ ಮೇಲೆ ಉಬ್ಬಿ ಕೆಳಗೆ ತುಸು ತಗ್ಗಬೇಕು. ತೋಳಿನ ಮುಂಬದಿಯಲ್ಲಿ ಈ ತಗ್ಗು ಕೊಂಚ ಹೆಚ್ಚಿರಲಿ. ಅಲ್ಲಿ ‘ಮುಂದೆ’ ಎಂದು ಬರೆಯಿರಿ. ಆಮೇಲೆ ಟೇಪನ್ನು ಅಂಚಿಗೆ ನಿಲ್ಲಿಸಿ ಎರಡು ಬಾಗುಗಳನ್ನೂ ಅಳೆಯಿರಿ. ತೋಳಿನ ತಲೆ ಕಂಕುಳ ಸುತ್ತಿಗಿಂತ ಅರ್ಧದಿಂದ ಮುಕ್ಕಾಲು ಅಂಗುಲ ಹೆಚ್ಚಿದ್ದರೆ ಸರಿ. ಕಡಿಮೆಯಿದ್ದರೆ ಮಗು ಕೈಯೆತ್ತಿದಾಗ ಇಡೀ ಕೋಟು ಮೇಲಕ್ಕೆದ್ದು ಬರುತ್ತದೆ. ಕಾಲರಿಗೆ ಕತ್ತಿನ ಸುತ್ತಿನಷ್ಟು ಉದ್ದದ, 2½ ಅಂಗುಲ ಅಗಲದ ನೇರ ಪಟ್ಟಿ ಸಾಕು.

ಕಾಗದದ ಬೆನ್ನನ್ನೂ ಒಂದು ಮುಂಭಾಗವನ್ನೂ ಭುಜದಲ್ಲಿ, ಪಕ್ಕದಲ್ಲಿ ಗಮ್ ಟೇಪಿನಿಂದ ಅಂಟಿಸಿ ಮಗುವಿಗೆ ತೊಡಿಸಿ ನೋಡುವುದನ್ನು ಮರೆಯಬೇಡಿ. ನಡುಗೆರೆ ಎದೆಯ ನಡುವಿಗೆ ಬಂತೇ? ಕುಕ್ಕುರುಗಾಲಲ್ಲಿ ಕೂತರೆ ಅಂಚು ಎಲ್ಲಿಗೆ ಬರುತ್ತದೆ? ಕಡಿಮೆಯಾದಲ್ಲಿ ಕಾಗದದ ಚೂರು ಅಂಟಿಸಿ, ಹೆಚ್ಚಾದಲ್ಲಿ ಕತ್ತರಿಸಿ. ಮಗು ನಗುತ್ತದೆ, ನಗಲಿ.

ಬಟ್ಟೆ

36 ಅಂಗುಲ ಅಗಲದ ಬಟ್ಟೆಯಾದರೆ ಈ ಕೋಟಿಗೆ ಒಂದೂಕಾಲು ಮೀಟರ್ ಬೇಕು. ಮೊದಲ ಸಾಲಿನಲ್ಲಿ ಬೆನ್ನು, ಒಂದು ತೋಳು, ಕಾಲರಿನ ಎರಡು ಪಟ್ಟಿ. ಎರಡನೆಯ ಸಾಲಿನಲ್ಲಿ ಎರಡು ಮುಂಭಾಗ, ಇನ್ನೊಂದು ತೋಳು. ಉಳಿದುದರಲ್ಲಿ ಜೇಬು. ಹತ್ತಿಯ ಫ್ಲಾನೆಲ್, ಖಾದಿ ಮೊದಲಾದವು ನೀರು ಬಿದ್ದರೆ ಕುಗ್ಗುತ್ತವೆ. ಆದುದರಿಂದ ತಂದ ದಿನವೇ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸತಕ್ಕದ್ದು.

ಆದರೆ ನನ್ನನ್ನು ಕೇಳಿದರೆ ಮೊದಲ ಕೋಟಿಗೆ ಹೊಸ ಬಟ್ಟೆಯೇ ಬೇಡ. ಪೆಟ್ಟಿಗೆಯ ತಳದಲ್ಲಿ ಅಜ್ಜನದೋ ಅಪ್ಪನದೋ ಹಳೆಯ ಉಣ್ಣೆಯ ಕೋಟು ಇದ್ದೇ ಇರುತ್ತದೆ. ಹೊಲಿಗೆ ಬಿಚ್ಚಿ ಒಗೆದು ಬೆಳಕಿಗೆ ಹಿಡಿಯಿರಿ. ಉಣ್ಣೆಗೆ ಬಿಸಿನೀರೂ ಹಿಂಡುವುದೂ ಆಗದು, ಗಟ್ಟಿಕಟ್ಟಿ ಕುಗ್ಗುತ್ತದೆ. ಮೊಣಕೈ, ಕತ್ತುಗಳಲ್ಲಿ ಬಟ್ಟೆ ಸವೆದು ಜಾಲರಿಯಾಗಿರುತ್ತದೆ. ಬೆನ್ನಿನ ಭಾಗ ಗಟ್ಟಿಯಾಗಿಯೇ ಇರುತ್ತದೆ. ಹೊರಮೈ ಬಣ್ಣಗೆಟ್ಟಿದ್ದರೂ ಒಳಮೈ ಎಷ್ಟೋ ವೇಳೆ ಹೊಸದರಂತಿರುವುದುಂಟು. ಅದನ್ನೇ ಹೊರಕ್ಕೆ ಮಾಡಿ. ಉಣ್ಣೆ ಚುಚ್ಚದಂತೆ ಹಳೆಯ ನೂಲಿನ ಸೀರೆಯನ್ನು ಅದೇ ನಮೂನೆಯಿಂದ ಕತ್ತರಿಸಿ ಒಳಗೆ ಅಸ್ತರಿ ಕೊಡಿ. ಅದಕ್ಕಿಂತ ಮೆತ್ತನೆಯ ಅಸ್ತರಿ ಅಂಗಡಿಯಲ್ಲಿ ಸಿಗದು.

ಒಂದು ಎಚ್ಚರಿಕೆ. ಜುಂಗು ಎದ್ದ ಹತ್ತಿಯ ಫ್ಲಾನೆಲ್ ಕಿಡಿ ತಾಕಿದರೆ ಬೇಗ ಹೊತ್ತಿಕೊಳ್ಳುತ್ತದೆ. ಪಾಲಿಯೆಸ್ಟರ್ ಬಟ್ಟೆ ಕರಗಿ ಮೈಗೆ ಅಂಟುತ್ತದೆ. ನಮ್ಮ ಮಕ್ಕಳು ಬೆಳಿಗ್ಗೆ ಕೂರುವುದೇ ನೀರೊಲೆಯ ಮುಂದೆ. ಬೆಂಕಿಗೆ ಉಣ್ಣೆಯೇ ಮೇಲು, ಅದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಕತ್ತಿಗೆ, ಸೊಂಟಕ್ಕೆ ಎಳೆದು ಕಟ್ಟುವ ಲಾಡಿಯನ್ನಂತೂ ಇಡಲೇಬೇಡಿ. ಒಕ್ಕಣೆ ಯಂತ್ರದ ಬೆಲ್ಟಿಗೋ ಗಾಡಿಯ ಚಕ್ರಕ್ಕೋ ಅದು ಸಿಕ್ಕಿದರೆ ಎಳೆದುಕೊಳ್ಳುವುದು ಮಗುವನ್ನೇ. ಗುಂಡಿಗಳೇ ಸಾಕು.

ಕತ್ತರಿಸುವುದು, ಹೊಲಿಯುವುದು

ನಮೂನೆಯ ಉದ್ದ ಯಾವಾಗಲೂ ಬಟ್ಟೆಯ ಹಾಸಿನ ಎಳೆಗೆ ಸರಿಯಾಗಿ ಕೂರಬೇಕು. ಹೊಕ್ಕಿಗೋ ಓರೆಗೋ ಇಟ್ಟರೆ ನಾಲ್ಕು ಒಗೆತಕ್ಕೆ ಕೋಟು ಒಂದು ಕಡೆಗೆ ಜೋಲುತ್ತದೆ. ನಮೂನೆಯ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಅದರ ಆಚೆ ಹೊಲಿಗೆಗೆಂದು ಬಟ್ಟೆ ಬಿಡಿ: ಕತ್ತು, ಭುಜ, ಕಂಕುಳಿಗೆ ಮತ್ತು ಕಾಲರಿನ ಸುತ್ತ ಅರ್ಧ ಅಂಗುಲ; ದೇಹದ ಪಕ್ಕಕ್ಕೂ ತೋಳಿನ ಪಕ್ಕಕ್ಕೂ ಒಂದು ಅಂಗುಲ; ಕೆಳ ಅಂಚಿಗೂ ತೋಳಿನ ತುದಿಗೂ ಎರಡು ಅಂಗುಲ. ಈ ಎರಡು ಅಂಗುಲವೇ ಮುಂದಿನ ವರ್ಷದ ಕೋಟು. ಬಟ್ಟೆ ಉಳಿಸುವ ಆಸೆಯಿಂದ ಇದನ್ನು ಕಡಿಮೆ ಮಾಡಬೇಡಿ. ಒಂದು ತೋಳು, ಒಂದು ಮುಂಭಾಗ ಗುರುತಿಸಿದ ಮೇಲೆ ಕಾಗದವನ್ನು ಮಗುಚಿಯೇ ಎರಡನೆಯದನ್ನು ಗುರುತಿಸಿ. ಇಲ್ಲದಿದ್ದರೆ ಎರಡೂ ಬಲಗೈಯ ತೋಳುಗಳಾಗುತ್ತವೆ, ಅದಕ್ಕೆ ಮದ್ದಿಲ್ಲ.

ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಿ. ಆಮೇಲೆ ಯಂತ್ರಕ್ಕೆ 16ನೆಯ ನಂಬರಿನ ಸೂಜಿ ಹಾಕಿ ಅಂಗುಲಕ್ಕೆ ಹತ್ತು ಹೊಲಿಗೆ ಬೀಳುವಂತೆ ಹೊಲಿಯಿರಿ. ಜೇಬನ್ನು ಮುಂಭಾಗ ಬಿಡಿಯಾಗಿರುವಾಗಲೇ ಕೂರಿಸಿ. ಬಳಿಕ ಭುಜ, ಕಾಲರು. ಕತ್ತಿನ ಬಾಗಿನಲ್ಲಿ ಹೊಲಿಗೆಗೆ ತಾಗದಂತೆ ಅಲ್ಲಲ್ಲಿ ಕತ್ತರಿಯ ಮೊನೆಯಿಂದ ಕಚ್ಚು ಕೊಟ್ಟರೆ ಬಟ್ಟೆ ಸುಕ್ಕಾಗದೆ ಮಡಿಯುತ್ತದೆ. ತೋಳನ್ನು ಪಕ್ಕ ಹೊಲಿಯುವ ಮೊದಲೇ, ಎಲ್ಲವೂ ಚಪ್ಪಟೆಯಾಗಿರುವಾಗಲೇ ಕಂಕುಳ ಬಾಗಿಗೆ ಸೇರಿಸಿಬಿಡಿ. ಪುಟ್ಟ ತೋಳಿನ ಸುತ್ತನ್ನು ಯಂತ್ರದ ಪಾದದ ಕೆಳಗೆ ತಿರುಗಿಸುವ ಪಾಡು ತಪ್ಪುತ್ತದೆ. ಆಮೇಲೆ ಮಣಿಕಟ್ಟಿನಿಂದ ಕಂಕುಳವರೆಗೆ, ಅಲ್ಲಿಂದ ಕೆಳ ಅಂಚಿನವರೆಗೆ ಒಂದೇ ಓಟದಲ್ಲಿ ಹೊಲಿಯಬಹುದು. ಮುಂದೆ ಸಡಿಲಿಸುವಾಗ ಬಿಚ್ಚುವುದೂ ಈ ಒಂದೇ ಹೊಲಿಗೆಯನ್ನು. ಅಸ್ತರಿ ಕೊಡುವುದಾದರೆ ಅದನ್ನೂ ಬೇರೆಯಾಗಿ ಹೀಗೆಯೇ ಹೊಲಿದು ಒಳಗಿಟ್ಟು, ಅಂಚುಗಳನ್ನು ಕೈಹೊಲಿಗೆಯಿಂದ ಹಿಡಿಸಿ. ಕೆಳ ಅಂಚನ್ನೂ ತೋಳಿನ ತುದಿಯನ್ನೂ ಒಳಕ್ಕೆ ಮಡಿಸಿ ಕೈಯಿಂದಲೇ ಹೊಲಿಯಿರಿ; ಅಲ್ಲಿ ಯಂತ್ರ ಓಡಿಸಿದರೆ ಬಿಚ್ಚಿದಾಗ ತೂತುಗಳ ಸಾಲು ಉಳಿಯುತ್ತದೆ. ಹುಡುಗನಿಗೆ ಎಡಭಾಗ ಮೇಲೆ, ಹುಡುಗಿಗೆ ಬಲಭಾಗ ಮೇಲೆ ಎಂಬುದು ದರ್ಜಿಗಳ ರೂಢಿ. ಅಣ್ಣನ ಕೋಟು ತಂಗಿಗೆ ಹೋಗುವ ಮನೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ನಮೂನೆಯ ಹಾಳೆಗಳ ಮೇಲೆ ಮಗುವಿನ ಹೆಸರು, ವಯಸ್ಸು, ತಿಂಗಳು ಬರೆದು ಸುರುಳಿ ಸುತ್ತಿ ಇಲಿ ತಿನ್ನದ ಕಡೆ ಇಡಿ. ಮುಂದಿನ ಕಾರ್ತಿಕದಲ್ಲಿ ಮಗುವನ್ನು ಮತ್ತೆ ಅಳೆದರೆ ಎಲ್ಲಿ ಎಷ್ಟು ಬೆಳೆದಿದೆಯೆಂದು ಆ ಹಾಳೆಯೇ ಹೇಳುತ್ತದೆ; ಅಷ್ಟನ್ನು ಮಾತ್ರ ಕೋಟಿನಲ್ಲಿ ಬಿಚ್ಚಿ. ಹಳೆಯ ಮಡಿಕೆಯ ಗುರುತು ತೋಳಿನ ಮೇಲೆ ಗೆರೆಯಾಗಿ ಉಳಿಯುವುದುಂಟು. ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿ ಒತ್ತಿದರೂ ಹೋಗದಿದ್ದರೆ ಅದರ ಮೇಲೆ ಬೇರೆ ಬಣ್ಣದ ಪಟ್ಟಿಯೊಂದನ್ನು ಸುತ್ತ ಹೊಲಿದುಬಿಡಿ.