ಉತ್ತರಾಯಣವೂ ಸಂಕ್ರಾಂತಿಯೂ

ಸೂರ್ಯನು ದಕ್ಷಿಣದ ಕೊನೆ ಮುಟ್ಟಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ನಾವು ಉತ್ತರಾಯಣ ಪುಣ್ಯಕಾಲವೆಂದು ಎಳ್ಳು ಬೀರುವುದು ಜನವರಿ 14 ಅಥವಾ 15ರಂದು. ಹಾಗಾದರೆ ಹಿರಿಯರ ಲೆಕ್ಕ ತಪ್ಪೇ ಎಂದು ಓದಿದ ಮಕ್ಕಳು ಕೇಳುತ್ತಾರೆ. ಅವರನ್ನು ಗದರಿಸಿ ಸುಮ್ಮನಾಗಿಸಬಾರದು.

ಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷವು ಬುಗುರಿಯಂತೆ ಮೆಲ್ಲನೆ ಓಲಾಡುವುದರಿಂದ, ನಕ್ಷತ್ರರಾಶಿಯನ್ನು ಅನುಸರಿಸುವ ಸಂಕ್ರಾಂತಿಯು ಸುಮಾರು 70 ವರ್ಷಕ್ಕೊಂದು ದಿನದಂತೆ ಮುಂದೆ ಸರಿಯುತ್ತ ಬಂದಿದೆ. ಪಂಚಾಂಗವು ರಾಶಿಯನ್ನು ಹಿಡಿಯಿತು, ಅಯನವು ಹಿಂದೆ ಉಳಿಯಿತು.

ಯಲಹಂಕ ನಾಡಪ್ರಭು ಕೆಂಪೇಗೌಡರು ಜೀರ್ಣೋದ್ಧಾರ ಮಾಡಿಸಿದರೆಂದು ಪ್ರತೀತಿಯಿರುವ ಗವಿ ಗಂಗಾಧರೇಶ್ವರನ ಸನ್ನಿಧಿಯಲ್ಲೂ ಇದೇ ಪಾಠವಿದೆ. ಸಂಕ್ರಾಂತಿಯ ಸಂಜೆ ನಂದಿಯ ಕೋಡುಗಳ ನಡುವಿನಿಂದ ಸೂರ್ಯಕಿರಣವು ಲಿಂಗವನ್ನು ಸ್ಪರ್ಶಿಸುವುದು ಎಲ್ಲರಿಗೂ ಗೊತ್ತು. ನವೆಂಬರ್ ಕೊನೆಯಲ್ಲೂ ಕಿರಣ ಬೀಳುವುದನ್ನು ಬಲ್ಲವರು ಕಡಿಮೆ. ದಕ್ಷಿಣಕ್ಕೆ ಹೋಗುವಾಗ ಒಮ್ಮೆ, ಮರಳುವಾಗ ಒಮ್ಮೆ. ಈ ಎರಡರ ನಡುವೆ ಇರುವುದೇ ಅಯನ ತಿರುಗುವ ದಿನ.

ಆದರೂ ಹಬ್ಬದ ಬೇರು ಹೊಲದಲ್ಲಿದೆ. ರಾಗಿ ಕಣಕ್ಕೆ ಬಂದು, ಅವರೆ ಸೊಗಡು ತುಂಬುವ ಕಾಲವಿದು. ಚಳಿಗೆ ಎಳ್ಳು ಬೆಲ್ಲ ಹಿತ. ವರ್ಷವೆಲ್ಲ ದುಡಿದ ಎತ್ತಿಗೆ ಮೈತೊಳೆದು ಸಿಂಗರಿಸಿ ಸಂಜೆ ಕಿಚ್ಚು ಹಾಯಿಸುವುದು ರೈತನ ಕೃತಜ್ಞತೆ. ಇಂದು ಯಲಹಂಕ, ಹೆಬ್ಬಾಳದ ಸುತ್ತ ಹೊಲಗಳು ಬಡಾವಣೆಗಳಾಗಿ ಎತ್ತುಗಳು ವಿರಳವಾಗಿವೆ. ನೋಡಿ ಕಲಿಯಲು ಮಕ್ಕಳಿಗೆ ಉಳಿದಿರುವುದು ಆಕಾಶ, ಮತ್ತು ಹಿರಿಯರ ಮಾತು.

ಆದ್ದರಿಂದ ಹಿರಿಯರಲ್ಲಿ ನಮ್ಮ ವಿನಂತಿ. ಡಿಸೆಂಬರಿನಲ್ಲಿ ಮೊಮ್ಮಕ್ಕಳಿಗೆ ಸೂರ್ಯ ಮುಳುಗುವ ಜಾಗ ತೋರಿಸಿರಿ. ಸಂಕ್ರಾಂತಿಯಂದು ಮತ್ತೆ ತೋರಿಸಿರಿ. ಅದು ತುಸು ಬಲಕ್ಕೆ, ಉತ್ತರದ ಕಡೆಗೆ ಸರಿದಿರುತ್ತದೆ. ಅರಿವಿನೊಡನೆ ಆಚಾರ ಕೂಡಿದಾಗಲೇ ಹಬ್ಬಕ್ಕೆ ಶೋಭೆ.